ಯೂರಿನ್ ರಿಪೋರ್ಟ್ ನಾರ್ಮಲ್, ನೋವು ಮಾತ್ರ ನಿಂತಿಲ್ಲ: ಮೂತ್ರದ ಪ್ರೊಟೀನ್‌ನಲ್ಲಿ ಉತ್ತರ ಸಿಗುತ್ತಾ?

ಹೊಟ್ಟೆಯ ಕೆಳಭಾಗದಲ್ಲಿ ಒತ್ತಿ ಹಿಡಿದಂಥ ನೋವು. ಮೂತ್ರ ತುಂಬುತ್ತಾ ಹೋದಂತೆ ಜಾಸ್ತಿ, ಹೋಗಿ ಬಂದ ಮೇಲೆ ಸ್ವಲ್ಪ ಹೊತ್ತು ಕಡಿಮೆ, ಅರ್ಧ ಗಂಟೆಗೆ ಮತ್ತೆ ಶುರು. ರಾತ್ರಿ ನಾಲ್ಕೈದು ಸಲ ಏಳಬೇಕು. ಅಂಗಡಿಯಲ್ಲಿ ಗಿರಾಕಿ ಎದುರಿಗಿದ್ದಾಗಲೇ ಗಲ್ಲಾ ಬಿಟ್ಟು ಓಡಬೇಕು. ಸಂತೆ ದಿನ ಅದೂ ಆಗಲ್ಲ, ಹಾಗಾಗಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರೋದು. ಎರಡು ಗಂಟೆಯ ಬಸ್ ಪ್ರಯಾಣ ಅಂದ್ರೂ ಭಯ. ನೆಂಟರ ಮದುವೆಯೂ ಬೇಡ, ಜಾತ್ರೆಯೂ ಬೇಡ ಅನ್ನಿಸಿಬಿಡುತ್ತೆ.

ಇಂಥವರು ಲ್ಯಾಬ್‌ಗೆ ಹೋಗಿ ಯೂರಿನ್ ಟೆಸ್ಟ್ ಮಾಡಿಸಿದ್ರೆ ಬರೋ ರಿಪೋರ್ಟ್ ಹೀಗಿರುತ್ತೆ: ಆಲ್ಬುಮಿನ್ ನಿಲ್, ಶುಗರ್ ನಿಲ್, ಪಸ್ ಸೆಲ್ಸ್ 2-3. ಕಲ್ಚರ್ ಮಾಡಿಸಿದ್ರೆ 'ನೋ ಗ್ರೋತ್'. ಸ್ಕ್ಯಾನಿಂಗ್‌ನಲ್ಲಿ ಕಲ್ಲಿಲ್ಲ. "ಎಲ್ಲಾ ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ" ಅಂತ ಹೇಳಿ ಕಳಿಸ್ತಾರೆ. ಮನೆಯಲ್ಲಿ "ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ" ಅಂತಾರೆ. ಮೆಡಿಕಲ್ ಶಾಪ್‌ನಲ್ಲಿ ಐದು ದಿನದ ಆಂಟಿಬಯೋಟಿಕ್ ಸಿಗುತ್ತೆ. ತಿಂಗಳು ಬಿಟ್ಟು ಮತ್ತೆ ಅದೇ ಕಥೆ.

ರಿಪೋರ್ಟ್ ನಾರ್ಮಲ್ ಬಂತು ಅಂದ ಮಾತ್ರಕ್ಕೆ ನೋವು ಸುಳ್ಳಲ್ಲ. ಈ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಅದನ್ನು ಮೂತ್ರದಲ್ಲೇ ಪತ್ತೆ ಹಚ್ಚುವ ಪ್ರೊಟೀನ್‌ಗಾಗಿ 30 ವರ್ಷಗಳಿಂದ ಹುಡುಕಾಟವೂ ನಡೆದಿದೆ. ಆ ಹುಡುಕಾಟ ಎಲ್ಲಿಗೆ ಬಂದಿದೆ, ನಮ್ಮ ಲ್ಯಾಬ್‌ಗಳಲ್ಲಿ ಆ ಟೆಸ್ಟ್ ಯಾಕಿಲ್ಲ, ಅಲ್ಲಿಯವರೆಗೆ ಏನು ಮಾಡಬಹುದು ಅನ್ನೋದರ ವಿವರ ಇಲ್ಲಿದೆ.

ಕಾಯಿಲೆ ಯಾವುದು?

ಇಂಗ್ಲಿಷ್‌ನಲ್ಲಿ ಇದನ್ನು 'ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್' ಅಥವಾ 'ಬ್ಲಾಡರ್ ಪೇನ್ ಸಿಂಡ್ರೋಮ್' ಅಂತಾರೆ. ಕನ್ನಡದಲ್ಲಿ ದೀರ್ಘಕಾಲದ ಮೂತ್ರಕೋಶದ ನೋವು ಅನ್ನಬಹುದು. ಮೂತ್ರಕೋಶ ಅಂದ್ರೆ ಕಿಡ್ನಿ ಅಲ್ಲ. ಕಿಡ್ನಿಯಲ್ಲಿ ತಯಾರಾದ ಮೂತ್ರ ಕೆಳಗೆ ಬಂದು ತುಂಬಿಕೊಳ್ಳುವ ಚೀಲ ಅದು.

ಅಮೆರಿಕದ ಯೂರಾಲಜಿ ತಜ್ಞರ ಸಂಘದ ಮಾರ್ಗಸೂಚಿ ಪ್ರಕಾರ, ಮೂತ್ರಕೋಶಕ್ಕೆ ಸಂಬಂಧಿಸಿದಂತೆ ಅನ್ನಿಸುವ ನೋವು, ಒತ್ತಡ ಅಥವಾ ಕಿರಿಕಿರಿ 6 ವಾರಕ್ಕಿಂತ ಹೆಚ್ಚು ದಿನ ಇರಬೇಕು. ಜೊತೆಗೆ ಪದೇಪದೇ ಮೂತ್ರಕ್ಕೆ ಹೋಗುವಂಥ ತೊಂದರೆ ಇರಬೇಕು. ಇನ್‌ಫೆಕ್ಷನ್ ಆಗಲಿ ಬೇರೆ ಕಾರಣವಾಗಲಿ ಸಿಗಬಾರದು. ಅಂದ್ರೆ ಇದು 'ಬೇರೆ ಯಾವುದೂ ಅಲ್ಲ' ಅಂತ ಖಾತ್ರಿ ಮಾಡಿಕೊಂಡ ಮೇಲೆ ಕೊಡುವ ಹೆಸರು. ಸಾಮಾನ್ಯ ಮನುಷ್ಯ ಹಗಲಲ್ಲಿ ಏಳೆಂಟು ಸಲ ಮೂತ್ರಕ್ಕೆ ಹೋದರೆ, ಈ ಕಾಯಿಲೆ ತೀವ್ರವಾದವರು ದಿನಕ್ಕೆ 60 ಸಲ ಹೋಗಿದ್ದೂ ಇದೆ.

ಅಪರೂಪದ ಕಾಯಿಲೆ ಅಂತ ಹಿಂದೆ ನಂಬಿದ್ದರು. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆ ಅದನ್ನು ಸುಳ್ಳು ಮಾಡಿತು. ಅಲ್ಲಿನ ವಯಸ್ಕ ಮಹಿಳೆಯರಲ್ಲಿ ಶೇ. 2.7ರಿಂದ 6.5ರಷ್ಟು ಮಂದಿಗೆ, ಅಂದ್ರೆ 33 ಲಕ್ಷದಿಂದ 79 ಲಕ್ಷ ಹೆಂಗಸರಿಗೆ ಈ ಲಕ್ಷಣಗಳಿದ್ದವು. ಅವರಲ್ಲಿ ಈ ಕಾಯಿಲೆ ಅಂತ ಡಾಕ್ಟರಿಂದ ಹೇಳಿಸಿಕೊಂಡವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ. ಗಂಡಸರಿಗೂ ಬರುತ್ತೆ. ಎಷ್ಟೋ ಸಲ ಅದನ್ನು ಪ್ರಾಸ್ಟೇಟ್ ತೊಂದರೆ ಅಂತ ತಿಳಿದುಕೊಳ್ಳಲಾಗುತ್ತೆ.

ರಿಪೋರ್ಟ್‌ನಲ್ಲಿರೋ 'ಪ್ರೊಟೀನ್' ಅದೇನಾ?

ಅಲ್ಲ. ಹೆಚ್ಚಿನವರಿಗೆ ಗೊಂದಲ ಆಗೋದು ಇಲ್ಲೇ.

ಲ್ಯಾಬ್‌ನಲ್ಲಿ ಬಣ್ಣದ ಪಟ್ಟಿ ಅದ್ದಿ ನೋಡುವ ಪ್ರೊಟೀನ್ ಮುಖ್ಯವಾಗಿ ಆಲ್ಬುಮಿನ್. ಅದು ರಕ್ತದಲ್ಲಿರೋ ಪ್ರೊಟೀನ್. ಕಿಡ್ನಿಯ ಜರಡಿ ಹಾಳಾದರೆ ಅದು ಮೂತ್ರಕ್ಕೆ ಸೋರುತ್ತೆ. ಶುಗರ್, ಬಿಪಿ ಇರೋರಿಗೆ ಈ ಟೆಸ್ಟ್ ಬೇಕೇ ಬೇಕು. ಆದ್ರೆ ಅದು ಕಿಡ್ನಿ ಬಗ್ಗೆ ಹೇಳುತ್ತೆ, ಮೂತ್ರಕೋಶದ ನೋವಿನ ಬಗ್ಗೆ ಏನೂ ಹೇಳಲ್ಲ. 'ಆಲ್ಬುಮಿನ್ ನಿಲ್' ಅಂತ ಬಂದರೆ ಕಿಡ್ನಿಯಿಂದ ಪ್ರೊಟೀನ್ ಸೋರ್ತಿಲ್ಲ ಅಂತ ಅರ್ಥ, ಅಷ್ಟೇ.

ಸಂಶೋಧಕರು ಹುಡುಕುತ್ತಿರೋದು ಬೇರೆ ಪ್ರೊಟೀನ್‌ಗಳು. ಮೂತ್ರಕೋಶದ ಒಳಗೋಡೆ, ನರ, ರಕ್ತನಾಳ, ಅಲ್ಲಿ ಸೇರಿಕೊಂಡ ಬಿಳಿ ರಕ್ತಕಣಗಳು ಬಿಡುವ ಸಣ್ಣ ಸಣ್ಣ ಪ್ರೊಟೀನ್‌ಗಳು. ಇವಕ್ಕೆ 'ಮಾರ್ಕರ್' ಅಂತಾರೆ, ಅಂದ್ರೆ ಒಳಗೆ ಏನು ನಡೀತಿದೆ ಅಂತ ಹೇಳುವ ಗುರುತು.

ಪ್ರಮಾಣದಲ್ಲಿ ಅಜಗಜಾಂತರ ವ್ಯತ್ಯಾಸ. ಬಣ್ಣದ ಪಟ್ಟಿಗೆ ಪ್ರೊಟೀನ್ ಕಾಣಬೇಕಾದರೆ 100 ಮಿಲಿ ಮೂತ್ರದಲ್ಲಿ 15ರಿಂದ 30 ಮಿಲಿಗ್ರಾಂ ಆದರೂ ಇರಬೇಕು. ಈ ಮಾರ್ಕರ್‌ಗಳಲ್ಲಿ ಹಲವನ್ನು ಅಳೆಯೋದು ಪಿಕೋಗ್ರಾಂ ಲೆಕ್ಕದಲ್ಲಿ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಪಿಕೋಗ್ರಾಂ. ಮೂಟೆ ತೂಗುವ ತಕ್ಕಡಿಯಲ್ಲಿ ಸಾಸಿವೆ ಕಾಳು ತೂಗೋಕಾಗುತ್ತಾ? ಅದಕ್ಕೇ ಪಟ್ಟಿ ಏನೂ ತೋರಿಸಲ್ಲ. ಇವನ್ನು ಅಳೆಯೋಕೆ ಡೆಂಗ್ಯೂ ಟೆಸ್ಟ್‌ಗೆ ಬಳಸುವಂಥ ಎಲಿಸಾ ವಿಧಾನವೇ ಬೇಕು.

ಒಳಗೋಡೆ ಹಾಳಾದರೆ ಏನಾಗುತ್ತೆ?

ಮೂತ್ರದಲ್ಲಿ ಉಪ್ಪು, ಯೂರಿಯಾ, ಪೊಟ್ಯಾಸಿಯಂ ಎಲ್ಲ ಇರುತ್ತೆ. ಅದು ಗಂಟೆಗಟ್ಟಲೆ ಚೀಲದಲ್ಲಿ ನಿಂತರೂ ನಮಗೆ ಉರಿಯಲ್ಲ. ಕಾರಣ ಚೀಲದ ಒಳಗಿರುವ ಪದರ. ಒತ್ತೊತ್ತಾಗಿ ಹೆಣೆದುಕೊಂಡ ಜೀವಕೋಶಗಳು, ಅದರ ಮೇಲೆ ಲೋಳೆಯಂಥ ತೆಳು ಲೇಪ. ನೀರಿನ ಟ್ಯಾಂಕ್‌ಗೆ ಒಳಗಿನಿಂದ ವಾಟರ್‌ಪ್ರೂಫಿಂಗ್ ಹೊಡೆದ ಹಾಗೆ.

ಈ ಪದರ ತೆಳುವಾದರೆ, ಸೀಳಿದರೆ, ಮೂತ್ರದಲ್ಲಿರೋ ಪೊಟ್ಯಾಸಿಯಂನಂಥವು ಗೋಡೆಯೊಳಗೆ ಇಳಿಯುತ್ತವೆ. ನರಗಳು ಕೆರಳುತ್ತವೆ, ಉರಿಯೂತ ಶುರುವಾಗುತ್ತೆ. ಕಾಯಿಲೆ ಹೇಗೆ ಬರುತ್ತೆ ಅನ್ನೋದಕ್ಕೆ ತಜ್ಞರು ಮುಂದಿಡುವ ವಿವರಣೆಗಳಲ್ಲಿ ಇದೊಂದು. ಎಲ್ಲಾ ರೋಗಿಗಳಿಗೂ ಇದೇ ಕಾರಣ ಅಂತಲ್ಲ. ಕೆಲವರಲ್ಲಿ ನರಗಳೇ ಅತಿ ಸೂಕ್ಷ್ಮ ಆಗಿರುತ್ತವೆ, ಕೆಲವರಲ್ಲಿ ಸೊಂಟದ ಕೆಳಗಿನ ಸ್ನಾಯುಗಳು ಬಿಗಿದುಕೊಂಡಿರುತ್ತವೆ.

ಬಾಲ್ಟಿಮೋರ್‌ನಲ್ಲಿ ಸಿಕ್ಕ ಸುಳಿವು

ಈ ಕಥೆಯ ಎರಡು ಮುಖ್ಯ ಘಟನೆ ಅಮೆರಿಕದ ಒಂದೇ ಊರಿನವು. 1915ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯ ಗೈ ಹನ್ನರ್, ವರ್ಷಗಟ್ಟಲೆ ನರಳಿದ ಮಹಿಳೆಯರ ಮೂತ್ರಕೋಶದಲ್ಲಿ ಹುಣ್ಣಿನಂಥ ಕೆಂಪು ಗಾಯ ಇರೋದನ್ನ ವರದಿ ಮಾಡಿದರು. ಇವತ್ತಿಗೂ ಅದಕ್ಕೆ 'ಹನ್ನರ್ ಗಾಯ' ಅಂತಲೇ ಹೆಸರು. ಆದ್ರೆ ನೋವಿರುವ ಹೆಚ್ಚಿನವರಲ್ಲಿ ಈ ಗಾಯ ಕಾಣಲ್ಲ. ಒಳಗೆ ಕ್ಯಾಮೆರಾ ಬಿಟ್ಟು ನೋಡಿದರೂ ಗೋಡೆ ಸರಿಯಾಗೇ ಕಾಣಬಹುದು. "ನಾರ್ಮಲ್ ಇದೆ" ಅನ್ನೋ ಮಾತು ಅಲ್ಲಿಯೂ ಕೇಳಬೇಕಾಗುತ್ತೆ.

ಎಂಬತ್ತು ವರ್ಷದ ನಂತರ ಅದೇ ಊರಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾ. ಸೂಸನ್ ಕೇ ಅವರ ತಂಡ ಒಂದು ಸರಳ ಪ್ರಯೋಗ ಮಾಡಿತು. ಮೂತ್ರಕೋಶದ ಒಳಪದರದ ಜೀವಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ, ಅದಕ್ಕೆ ರೋಗಿಗಳ ಮೂತ್ರ ಹಾಕಿ ನೋಡಿದರು. ಜೀವಕೋಶ ಬೆಳೆಯೋದು ನಿಧಾನವಾಯಿತು. 1996ರಲ್ಲಿ ಇದು ಪ್ರಕಟವಾಯಿತು. ಅಂದ್ರೆ ರೋಗಿಗಳ ಮೂತ್ರದಲ್ಲೇ ಏನೋ ಒಂದು ವಸ್ತು, ಹಾಳಾದ ಪದರ ರಿಪೇರಿ ಆಗದಂತೆ ತಡೀತಿದೆ ಅನ್ನೋ ಸುಳಿವು. ಅದಕ್ಕೆ 'ಆಂಟಿ ಪ್ರೊಲಿಫರೇಟಿವ್ ಫ್ಯಾಕ್ಟರ್', ಚಿಕ್ಕದಾಗಿ ಎಪಿಎಫ್ ಅಂತ ಹೆಸರಿಟ್ಟರು.

2004ರಲ್ಲಿ ಅದೇ ತಂಡ ಅದರ ರಚನೆಯನ್ನೂ ಬಿಡಿಸಿತು. ಬರೀ 9 ಅಮೈನೋ ಆಮ್ಲಗಳ ತುಂಡು, ಅದಕ್ಕೊಂದು ಸಕ್ಕರೆ ಸರಪಳಿ ಅಂಟಿಕೊಂಡಿದೆ. ಇನ್ನೂ ಎರಡು ವಿಷಯ ಕಂಡವು. ಪದರ ಬೆಳೆಯಲು ನೆರವಾಗುವ ಎಚ್‌ಬಿ-ಇಜಿಎಫ್ ಅನ್ನೋ ಪ್ರೊಟೀನ್ ಈ ರೋಗಿಗಳ ಮೂತ್ರದಲ್ಲಿ ಕಡಿಮೆ, ಇಜಿಎಫ್ ಅನ್ನೋದು ಜಾಸ್ತಿ. ಮೂರನ್ನೂ ಸೇರಿಸಿದರೆ ಕಾಯಿಲೆ ಪತ್ತೆಯಾಗುತ್ತೆ ಅಂತ ದೊಡ್ಡ ಆಸೆ ಹುಟ್ಟಿತು.

ಆದ್ರೆ ಎಪಿಎಫ್ ಟೆಸ್ಟ್ ಇವತ್ತಿಗೂ ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಬಂದಿಲ್ಲ. ಅದನ್ನು ಅಳೆಯಲು ಜೀವಕೋಶ ಬೆಳೆಸಿ, ದಿನಗಟ್ಟಲೆ ಕಾದು, ಬೆಳವಣಿಗೆ ಎಷ್ಟು ಕುಗ್ಗಿತು ಅಂತ ನೋಡಬೇಕಿತ್ತು. ಬೆಳಿಗ್ಗೆ ಸ್ಯಾಂಪಲ್ ಕೊಟ್ಟು ಸಂಜೆ ರಿಪೋರ್ಟ್ ತಗೊಳ್ಳೋ ಕೆಲಸ ಅದಲ್ಲ.

ನರದ ಪ್ರೊಟೀನ್: ಹೊಗೆ ಕಂಡಿತು, ಒಲೆ ಯಾವುದು?

ಎರಡನೇ ಹೆಸರು ಎನ್‌ಜಿಎಫ್, ನರಗಳನ್ನು ಬೆಳೆಸುವ ಪ್ರೊಟೀನ್. ಎನ್‌ಜಿಎಫ್, ಇಜಿಎಫ್ ಎರಡರ ಹಿಂದೆಯೂ ಇದ್ದವರು ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್. ಈ ಕೆಲಸಕ್ಕೆ 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮೂತ್ರಕೋಶದ ನೋವಿರುವವರ ಮೂತ್ರದಲ್ಲಿ ಎನ್‌ಜಿಎಫ್ ಹೆಚ್ಚಿರೋದನ್ನ ತೈವಾನ್ ಸೇರಿದಂತೆ ಹಲವು ದೇಶದ ಸಂಶೋಧಕರು ನೋಡಿದ್ದಾರೆ.

ತೊಡಕು ಏನಂದ್ರೆ, ನೋವೇ ಇಲ್ಲದೆ ಬರೀ ಅವಸರವಾಗಿ ಮೂತ್ರ ಬರುವ 'ಓವರ್ ಆಕ್ಟಿವ್ ಬ್ಲಾಡರ್' ಇರುವವರಲ್ಲೂ ಎನ್‌ಜಿಎಫ್ ಏರುತ್ತೆ. ಇನ್‌ಫೆಕ್ಷನ್ ಆದಾಗಲೂ ಏರಬಹುದು. ಊರಾಚೆ ಹೊಗೆ ಕಂಡರೆ ಬೆಂಕಿ ಇದೆ ಅಂತ ಗೊತ್ತಾಗುತ್ತೆ. ಅದು ಅಡುಗೆ ಒಲೆಯೋ, ಬಣವೆಗೆ ಬಿದ್ದ ಬೆಂಕಿಯೋ ಅಂತ ಹೊಗೆ ಹೇಳಲ್ಲ.

ಎನ್‌ಜಿಎಫ್ ಅನ್ನೇ ತಡೆದರೆ ನೋವು ನಿಲ್ಲಬಹುದು ಅಂತ ಟಾನೆಝುಮ್ಯಾಬ್ ಅನ್ನೋ ಇಂಜೆಕ್ಷನ್ ಪ್ರಯೋಗ ಮಾಡಿದರು. ಮೂತ್ರಕೋಶದ ನೋವಿಗೆ ಸ್ವಲ್ಪ ಅನುಕೂಲ ಕಂಡಿತು. ಆದ್ರೆ ಮಂಡಿನೋವಿನ ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಕೀಲು ಬೇಗ ಸವೆಯುವ ಅಪಾಯ ಕಂಡು, 2021ರಲ್ಲಿ ಆ ಔಷಧಿಯನ್ನೇ ಕೈಬಿಡಲಾಯಿತು.

ಇವಲ್ಲದೆ ಉರಿಯೂತ ಸೂಚಿಸುವ ಎಂಸಿಪಿ-1, ಸಿಎಕ್ಸ್‌ಸಿಎಲ್-10 ಇವೆ. ಒಳಪದರದ್ದೇ ಆದ ಜಿಪಿ-51 ಈ ರೋಗಿಗಳಲ್ಲಿ ಕಡಿಮೆ ಇರೋದು ಕಂಡಿದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ 2008ರಲ್ಲಿ ಮ್ಯಾಪ್ ಅನ್ನೋ ಸಂಶೋಧನಾ ಜಾಲ ಶುರು ಮಾಡಿ, ಹಲವು ಆಸ್ಪತ್ರೆಗಳಿಂದ ಗಂಡಸರ, ಹೆಂಗಸರ ಮೂತ್ರ ಸಂಗ್ರಹಿಸಿತು. ಅಂಗಾಂಶ ಒಡೆದು ಕಟ್ಟುವ ಎಂಎಂಪಿ-9, ಅದರ ಜೊತೆ ಸೇರಿಕೊಳ್ಳುವ ಎನ್‌ಜಿಎಎಲ್, ರಕ್ತನಾಳ ಬೆಳೆಸುವ ವಿಇಜಿಎಫ್ ಇವುಗಳ ಮಟ್ಟವನ್ನು ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಹೋಲಿಸಿ ನೋಡಲಾಯಿತು. ಗುಂಪುಗಳ ನಡುವೆ ವ್ಯತ್ಯಾಸ ಕಂಡಿತು. ಗಂಡಸರಲ್ಲಿ ಕಂಡ ಚಿತ್ರ, ಹೆಂಗಸರಲ್ಲಿ ಕಂಡ ಚಿತ್ರ ಒಂದೇ ಆಗಿರಲಿಲ್ಲ.

ಹಾಗಾದ್ರೆ ಟೆಸ್ಟ್ ಯಾಕೆ ಬಂದಿಲ್ಲ?

ಮೊದಲ ಕಾರಣ: ಗುಂಪಿನ ಸರಾಸರಿ ಬೇರೆ, ಒಬ್ಬ ರೋಗಿಯ ರಿಪೋರ್ಟ್ ಬೇರೆ. ನೂರು ರೋಗಿಗಳ ಸರಾಸರಿ ಜಾಸ್ತಿ ಇರಬಹುದು. ಆದ್ರೆ ಅವರಲ್ಲಿ ಕೆಲವರ ಮಟ್ಟ ಆರೋಗ್ಯವಂತರಷ್ಟೇ ಇರುತ್ತೆ, ಆರೋಗ್ಯವಂತರಲ್ಲಿ ಕೆಲವರದ್ದು ಮೇಲಿರುತ್ತೆ. ಎಲ್ಲಿ ಗೆರೆ ಎಳೆದರೂ ಯಾರಾದರೊಬ್ಬರಿಗೆ ಅನ್ಯಾಯ ಆಗುತ್ತೆ.

ಎರಡು: ಮೂತ್ರ ಒಂದೇ ಥರ ಇರಲ್ಲ. ಎರಡು ಚೊಂಬು ನೀರು ಕುಡಿದು ಕೊಟ್ಟ ಸ್ಯಾಂಪಲ್ ತೆಳು, ಬೆಳಿಗ್ಗೆ ಎದ್ದ ಕೂಡಲೇ ಕೊಟ್ಟದ್ದು ಗಟ್ಟಿ. ಇದನ್ನು ಸರಿದೂಗಿಸಲು ಪ್ರೊಟೀನ್ ಅನ್ನು ಕ್ರಿಯಾಟಿನಿನ್‌ನಿಂದ ಭಾಗಿಸ್ತಾರೆ. ಕ್ರಿಯಾಟಿನಿನ್ ಬರೋದು ಸ್ನಾಯುಗಳಿಂದ. ಹಾಗಾಗಿ ಕಟ್ಟುಮಸ್ತಾದ ಗಂಡಸಿಗೂ ಸಣಕಲು ಅಜ್ಜಿಗೂ ಲೆಕ್ಕ ಬೇರೆಯಾಗುತ್ತೆ.

ಮೂರು: ಸ್ಯಾಂಪಲ್ ಎಷ್ಟು ಹೊತ್ತು ಹೊರಗಿತ್ತು, ಎಷ್ಟು ತಂಪಿನಲ್ಲಿಟ್ಟರು ಅನ್ನೋದರ ಮೇಲೂ ಪ್ರೊಟೀನ್ ಹಾಳಾಗುತ್ತೆ. ಒಂದು ಲ್ಯಾಬ್‌ನ ಅಂಕಿ ಇನ್ನೊಂದು ಲ್ಯಾಬ್‌ಗೆ ಹೊಂದಬೇಕಾದರೆ ವಿಧಾನ ಒಂದೇ ಇರಬೇಕು.

ನಾಲ್ಕನೆಯದೇ ದೊಡ್ಡ ಕಾರಣ: ಒಂದೇ ಹೆಸರಿನಡಿ ಹಲವು ಕಾಯಿಲೆ ಸೇರಿಕೊಂಡಿವೆ. ಹನ್ನರ್ ಗಾಯ ಇರುವವರಲ್ಲಿ ಉರಿಯೂತದ ಪ್ರೊಟೀನ್‌ಗಳು ಎದ್ದು ಕಾಣುತ್ತವೆ. ಗಾಯ ಇಲ್ಲದವರಲ್ಲಿ ಅಷ್ಟು ಕಾಣಲ್ಲ. ಇಬ್ಬರನ್ನೂ ಒಟ್ಟಿಗೆ ಸೇರಿಸಿ ಅಳೆದರೆ, ರಾಗಿ ಜೋಳ ಒಂದೇ ಚೀಲಕ್ಕೆ ಸುರಿದು ರೇಟು ಕಟ್ಟಿದ ಹಾಗೆ. ಅದಕ್ಕೇ ಈಗಿನ ಸಂಶೋಧನೆ ಒಂದೇ ಪ್ರೊಟೀನ್ ಬಿಟ್ಟು, ಹಲವು ಪ್ರೊಟೀನ್‌ಗಳನ್ನು ಒಟ್ಟಿಗೆ ನೋಡಿ ರೋಗಿಗಳನ್ನು ವಿಂಗಡಿಸುವ ಕಡೆ ಹೊರಳಿದೆ. ಯಾರಿಗೆ ಯಾವ ಚಿಕಿತ್ಸೆ ಹಿಡಿಯುತ್ತೆ ಅಂತ ಮೊದಲೇ ಗೊತ್ತಾದರೆ ಅದೇ ದೊಡ್ಡ ಲಾಭ.

ಒಟ್ಟಾರೆ ಮಾತು ಇಷ್ಟು: ಈ ನೋವು ಇದೆ ಅಥವಾ ಇಲ್ಲ ಅಂತ ಖಚಿತವಾಗಿ ಹೇಳುವ, ಎಲ್ಲರೂ ಒಪ್ಪಿದ ಮೂತ್ರ ಪರೀಕ್ಷೆ ಇವತ್ತಿಗೆ ಇಲ್ಲ. ಹಾಗಂತ ಯಾರಾದರೂ ಪ್ಯಾಕೇಜ್ ಹೇಳಿದರೆ ದುಡ್ಡು ಕಟ್ಟುವ ಮುಂಚೆ ಯೂರಾಲಜಿ ಡಾಕ್ಟರನ್ನ ಕೇಳಿ.

ಮೊದಲು ತಳ್ಳಿಹಾಕಬೇಕಾದ್ದು

ಮಾರ್ಕರ್ ಟೆಸ್ಟ್ ಇಲ್ಲ ಅಂತ ಕೈಕಟ್ಟಿ ಕೂರಬೇಕಿಲ್ಲ. ಇದೇ ಲಕ್ಷಣ ಕೊಡುವ ಬೇರೆ ಕಾಯಿಲೆಗಳನ್ನು ಮೊದಲು ನೋಡಬೇಕು.

- ಇನ್‌ಫೆಕ್ಷನ್: ಆಂಟಿಬಯೋಟಿಕ್ ಶುರು ಮಾಡುವ ಮುಂಚೆಯೇ ಯೂರಿನ್ ಕಲ್ಚರ್ ಕೊಡಿ. ಮಾತ್ರೆ ತಗೊಂಡ ಮೇಲೆ ಕೊಟ್ಟರೆ ಇದ್ದ ಸೋಂಕೂ ಕಾಣದೆ ಹೋಗಬಹುದು.
- ಕ್ಷಯ: ನಮ್ಮ ದೇಶದಲ್ಲಿ ಇದನ್ನು ಮರೆಯೋ ಹಾಗಿಲ್ಲ. ಟಿಬಿ ಮೂತ್ರಕೋಶಕ್ಕೂ ಬರುತ್ತೆ. ಪಸ್ ಸೆಲ್ಸ್ ಜಾಸ್ತಿ ಇದ್ದು ಕಲ್ಚರ್ ಮಾತ್ರ 'ನೋ ಗ್ರೋತ್' ಅಂತ ಪದೇಪದೇ ಬಂದರೆ ಟಿಬಿ ಟೆಸ್ಟ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಸರ್ಕಾರಿ ವ್ಯವಸ್ಥೆಯಲ್ಲಿ ಟಿಬಿ ಪರೀಕ್ಷೆ, ಔಷಧಿ ಎರಡೂ ಉಚಿತ.
- ಮೂತ್ರದಲ್ಲಿ ರಕ್ತ: ನೋವಿರಲಿ ಇಲ್ಲದಿರಲಿ, ಒಂದೇ ಸಲ ಕಂಡರೂ ಬಿಡಬೇಡಿ. ಬೀಡಿ, ಸಿಗರೇಟ್ ಸೇದುವವರಿಗೆ ಮೂತ್ರಕೋಶದ ಕ್ಯಾನ್ಸರ್ ಅಪಾಯ ಹೆಚ್ಚು.
- ಕಲ್ಲು, ಶುಗರ್, ಪ್ರಾಸ್ಟೇಟ್, ಗರ್ಭಕೋಶದ ತೊಂದರೆ: ಇವಕ್ಕೂ ಪರೀಕ್ಷೆ ಆಗಲಿ.

ಇವೆಲ್ಲ ಇಲ್ಲ ಅಂತಾದ ಮೇಲೂ ನೋವಿದ್ದರೆ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನಲ್ಲಿ ಯೂರಾಲಜಿ ತಜ್ಞರು ಇದ್ದಾರಾ ಅಂತ ವಿಚಾರಿಸಿ. ಹನ್ನರ್ ಗಾಯ ಇದೆಯಾ ಅಂತ ತಿಳಿಯೋಕೆ ಸಿಸ್ಟೋಸ್ಕೋಪಿ, ಅಂದ್ರೆ ಕ್ಯಾಮೆರಾ ಪರೀಕ್ಷೆಯೇ ದಾರಿ. ಗಾಯ ಸಿಕ್ಕರೆ ಅದನ್ನು ಸುಡುವ ಅಥವಾ ಅಲ್ಲಿಗೇ ಇಂಜೆಕ್ಷನ್ ಕೊಡುವ ಚಿಕಿತ್ಸೆಯಿಂದ ಅನೇಕರಿಗೆ ಆರಾಮ ಸಿಗುತ್ತೆ.

ಚಿಕಿತ್ಸೆ ಇದೆಯಾ?

ಪೂರ್ತಿ ವಾಸಿ ಮಾಡುವ ಒಂದೇ ಮಾತ್ರೆ ಇಲ್ಲ, ಹತೋಟಿಗೆ ತರುವ ದಾರಿಗಳಿವೆ. ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆ, ಮೂತ್ರಕೋಶದ ಒಳಗೆ ಔಷಧಿ ಬಿಡುವುದು, ಬಿಗಿದ ಸ್ನಾಯು ಸಡಿಲಿಸುವ ಫಿಸಿಯೋಥೆರಪಿ ಇವೆಲ್ಲ ಬಳಕೆಯಲ್ಲಿವೆ. ಪೆಂಟೋಸಾನ್ ಅನ್ನೋ ಮಾತ್ರೆ ಬಹಳ ವರ್ಷ ನುಂಗಿದ ಕೆಲವರಲ್ಲಿ ಕಣ್ಣಿನ ಒಳಪರದೆಗೆ ಹಾನಿ ಆಗಿರೋದರಿಂದ, 2020ರಲ್ಲಿ ಅಮೆರಿಕದಲ್ಲಿ ಅದರ ಮೇಲೆ ಎಚ್ಚರಿಕೆ ಸೇರಿಸಲಾಯಿತು. ಆ ಮಾತ್ರೆ ತಗೊಳ್ಳೋರು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಮಾರ್ಗಸೂಚಿ 'ಬೇಡ' ಅಂತ ಹೇಳುವ ಎರಡು ವಿಷಯ ಗಮನಿಸಿ. ಒಂದು, ಸೋಂಕಿಲ್ಲದೆ ತಿಂಗಳುಗಟ್ಟಲೆ ಆಂಟಿಬಯೋಟಿಕ್. ಇದರಿಂದ ನೋವೂ ಹೋಗಲ್ಲ, ನಾಳೆ ನಿಜವಾದ ಸೋಂಕು ಬಂದಾಗ ಮಾತ್ರೆಯೂ ಕೆಲಸ ಮಾಡಲ್ಲ. ಎರಡು, ಮೊಬೈಲ್‌ನಲ್ಲಿ ನೋಡಿ ಕೀಗಲ್ ವ್ಯಾಯಾಮ ಶುರು ಮಾಡೋದು. ಈಗಾಗಲೇ ಬಿಗಿದ ಸ್ನಾಯುವನ್ನು ಇನ್ನೂ ಬಿಗಿದರೆ ನೋವು ಹೆಚ್ಚಬಹುದು.

ಊಟದಲ್ಲಿ ಕಾಫಿ, ಟೀ, ಸೋಡಾ, ಮದ್ಯ, ಟೊಮೆಟೊ, ನಿಂಬೆ ಕಿತ್ತಳೆಯಂಥ ಹುಳಿ ಹಣ್ಣು, ಖಾರ ಇವು ಬಹಳ ಮಂದಿಗೆ ನೋವು ಕೆರಳಿಸುತ್ತವೆ. ಉಷ್ಣ ಅಂತ ದಿನಾ ನಿಂಬೆ ಪಾನಕ ಕುಡಿಯುವವರು ಒಂದು ವಾರ ಬಿಟ್ಟು ನೋಡಬಹುದು. ಎಲ್ಲವನ್ನೂ ಒಟ್ಟಿಗೆ ಬಿಡೋದು ಬೇಡ. ಒಂದೊಂದಾಗಿ ಬಿಟ್ಟು, ಮತ್ತೆ ತಿಂದು, ಯಾವುದು ತಮಗೆ ಆಗಲ್ಲ ಅಂತ ಕಂಡುಕೊಳ್ಳಬೇಕು. ನೀರು ಪೂರ್ತಿ ನಿಲ್ಲಿಸಿದರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತೆ. ಸ್ವಲ್ಪ ಸ್ವಲ್ಪ, ಹಂಚಿ ಕುಡೀರಿ.

ಮೂರು ದಿನದ ಲೆಕ್ಕ

ಅಂಗಡಿಯಲ್ಲಿ ಸಾಲದ ಪುಸ್ತಕ ಬರೀತಾರಲ್ಲ, ಹಾಗೇ ಒಂದು ಹಾಳೆಯಲ್ಲಿ ಮೂರು ದಿನ ಬರೆದಿಡಿ: ಎಷ್ಟು ಗಂಟೆಗೆ ಮೂತ್ರಕ್ಕೆ ಹೋದ್ರಿ, ಅಳತೆ ಲೋಟದಲ್ಲಿ ಎಷ್ಟು ಮಿಲಿ, ಹೋಗುವ ಮುಂಚೆ ನೋವು ಹತ್ತಕ್ಕೆ ಎಷ್ಟು, ಹೋದ ಮೇಲೆ ಎಷ್ಟು, ಏನು ತಿಂದ್ರಿ, ಏನು ಕುಡಿದ್ರಿ. ಹಳೆಯ ಕಲ್ಚರ್ ರಿಪೋರ್ಟ್‌ಗಳು, ಇದುವರೆಗೆ ತಗೊಂಡ ಆಂಟಿಬಯೋಟಿಕ್ ಹೆಸರುಗಳು ಜೊತೆಗಿರಲಿ. ಡಾಕ್ಟರ್ ಎದುರು ಕೂತಾಗ "ತುಂಬಾ ನೋವು" ಅನ್ನೋ ಮಾತಿಗಿಂತ ಈ ಹಾಳೆ ಹೆಚ್ಚು ಹೇಳುತ್ತೆ. ಪ್ರೊಟೀನ್ ಟೆಸ್ಟ್ ಬರುವವರೆಗೂ ರೋಗಿಯ ಕೈಲಿರೋ ಪುರಾವೆ ಇದೇ.

ಇನ್ನೊಂದು ಮಾತು ಅಂಗಡಿ ಮಾಲೀಕರಿಗೆ. ಕೆಲಸದ ಹುಡುಗಿ ಪದೇಪದೇ ಹೊರಗೆ ಹೋದರೆ ಗದರುವ ಮುಂಚೆ ಒಮ್ಮೆ ಯೋಚಿಸಿ. ನಾಚಿಕೆಗೆ ಯಾರೂ ಬಾಯಿಬಿಟ್ಟು ಹೇಳಲ್ಲ. ಶೌಚಾಲಯದ ಬೀಗದ ಕೈ ಕೇಳದೇ ಸಿಗುವ ಜಾಗದಲ್ಲಿ ತೂಗುಹಾಕಿದರೆ ಸಾಕು. ಆ ಹುಡುಗಿ ಬಾಯಾರಿಕೆ ಕಟ್ಟಿಕೊಂಡು ದಿನ ದೂಡೋದು ತಪ್ಪುತ್ತೆ.